ಹತ್ತೊಂಬತ್ತು ಸಂದುಗಳ ಕೋಣೆ

ಮಾರ್ಚ್ 4, ಮಂಗಳವಾರ

ಮಲಗುವ ಕೋಣೆ ತಪಾಸಣೆಯಲ್ಲಿ ನಪಾಸಾಗಿದೆ. ಹೀಗೆಂದು ತಿಳಿಸಿದವರು ಆಸ್ಪತ್ರೆಯಿಂದ ರೋಗಿಗಳ ಮನೆ ನೋಡಲು ಬರುವ ನರ್ಸಮ್ಮ. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಕಿಟಕಿಕಟ್ಟೆಯ ಮೇಲೆ ಒಂದು ಬಿಳಿ ತಟ್ಟೆ ಇಟ್ಟು ಹೋಗಿದ್ದರು. ಇಂದು ಹತ್ತೂ ಇಪ್ಪತ್ತಕ್ಕೆ ಬಂದು ಅದರ ಮೇಲೆ ಬೆರಳೆಳೆದರು. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದಷ್ಟು ಸ್ಪಷ್ಟವಾಗಿ ಗೆರೆ ಬಿತ್ತು.

"ನೋಡಿದ್ರಾ ಅಮ್ಮ? ಇದೇ ಧೂಳು ಅವರ ಎದೆಗೆ ಹೋಗೋದು."

ನೋಡಿದೆ. ಇಪ್ಪತ್ತು ನಿಮಿಷ ತಡವಾಗಿ ಬಂದದ್ದನ್ನೂ ನೋಡಿದೆ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸಮಯಪಾಲಕಿಯಾಗಿ ಕುಳಿತವಳ ಕಣ್ಣಿಗೆ ಮೊದಲು ಬೀಳುವುದು ಗಡಿಯಾರ, ಆಮೇಲೆ ಧೂಳು.

ಧೂಳು ಪಕ್ಕದ ಮೂರು ಮಹಡಿಯ ಹಳೆ ಕಟ್ಟಡದ್ದು. ಅದನ್ನು ಕೆಡವುತ್ತಿದ್ದಾರೆ. ಜೂನ್‌ವರೆಗೂ ಕೆಡವುತ್ತಾರಂತೆ, ಇವರ ವೇಗ ನೋಡಿದರೆ ಅದು ತಾನಾಗಿಯೇ ಬಿದ್ದುಹೋಗುವುದು ಬೇಗ. ಎರಡು ಸಲ ಲಿಖಿತ ದೂರು ಕೊಟ್ಟೆ. ಅವರ ಮೇಸ್ತ್ರಿ ಎರಡನ್ನೂ ಮಡಚಿ ಜೇಬಿಗಿಟ್ಟುಕೊಂಡು, "ಧೂಳಿಲ್ದೆ ಕೆಡವೋ ವಿದ್ಯೆ ನಂಗೆ ಗೊತ್ತಿಲ್ಲಮ್ಮ" ಎಂದ. ಅವನಿಗೆ ಗೊತ್ತಿಲ್ಲದ ವಿದ್ಯೆ ಅದೊಂದೇ ಅಲ್ಲ.

ನರ್ಸಮ್ಮನ ಪಟ್ಟಿಯ ಪ್ರಕಾರ ಧೂಳು ನುಗ್ಗುವ ಸಂದುಗಳು ಹನ್ನೊಂದು. ಅವನ್ನು ಮುಚ್ಚಬೇಕು. ಇಪ್ಪತ್ತೊಂದನೇ ತಾರೀಕು ಮತ್ತೆ ತಟ್ಟೆ ನೋಡುತ್ತಾರೆ. ಅಂದೂ ಗೆರೆ ಬಿದ್ದರೆ ಆಸ್ಪತ್ರೆಯಲ್ಲಿರುವ ನಮ್ಮ ಮನೆಯವರನ್ನು ಮನೆಗೆ ಬಿಡದೆ ಆರೈಕೆ ಕೇಂದ್ರಕ್ಕೆ ಕಳಿಸುತ್ತಾರೆ. ಆಸ್ಪತ್ರೆಯ ಹಾಸಿಗೆ ಇನ್ನೊಬ್ಬರಿಗೆ ಬೇಕು. ಆರೈಕೆ ಕೇಂದ್ರವೆಂದರೆ ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರ. ನಲವತ್ತು ಹಾಸಿಗೆಯ ಒಂದೇ ಹಾಲ್. ಭೇಟಿಗೆ ದಿನಕ್ಕೊಂದು ಗಂಟೆ. ಅಲ್ಲಿಗೆ ಹೋದವರು ಮನೆಗೆ ವಾಪಸ್ ಬಂದದ್ದುಂಟೇ ಎಂದು ಕೇಳಿದೆ.

"ಕೆಲವರು ಬರ್ತಾರೆ" ಎಂದರು.

ಎಷ್ಟು ಜನ ಎಂದು ಕೇಳಿದೆ. ಫೈಲು ಮುಚ್ಚಿದರು.

ಮಾರ್ಚ್ 5, ಬುಧವಾರ

ಆಸ್ಪತ್ರೆ. ನಳಿಕೆಯ ಸಹಾಯದಲ್ಲಿ ಅವರ ಆಮ್ಲಜನಕ ತೊಂಬತ್ತೊಂದು. ಅರ್ಧ ಲೋಟ ಹಾಲು ಕುಡಿದರು.

"ಏನಂದ್ಲು ಸಿಸ್ಟರು?"

"ಹನ್ನೊಂದು ಸಂದು ಇದೆಯಂತೆ."

"ಅಷ್ಟೇನಾ? ತಮ್ಮನಿಗೆ ಹೇಳು. ಅವನೀಗ ಕಿಟಕಿ ಕೂರಿಸೋ ಕಂಪನೀಲಿ ಇದಾನಲ್ಲ, ಇದೇ ಅವನ ಕೆಲಸ."

"ನಿಮ್ಮ ಎದೆಗೆ ಕಲ್ಲು ತುಂಬಿದವನು ಈಗ ನನ್ನ ಗೋಡೆಗೆ ಏನು ತುಂಬ್ತಾನೆ?"

ಕಣ್ಣು ಮುಚ್ಚಿಕೊಂಡರು. ಉತ್ತರ ಇಲ್ಲದಾಗ ನಿದ್ದೆ ಬರುವುದು ಇವರಿಗೆ ಮದುವೆಯಾದ ವರ್ಷದಿಂದ ಇರುವ ಅಭ್ಯಾಸ.

ಮೈದುನನ ಸಂಗತಿಯನ್ನು ಒಂದು ಸಲ ಬರೆದಿಟ್ಟು ಮುಗಿಸುತ್ತೇನೆ. ಅವನು ಕಲ್ಲು ಕೊಯ್ಯುವ ಶೆಡ್ ಇಟ್ಟಿದ್ದ. ಇವರಿದ್ದ ಮುದ್ರಣಾಲಯ ಮುಚ್ಚಿದಾಗ, ಮೇಲ್ವಿಚಾರಣೆಗೆ ಬಾ ಅಣ್ಣ ಎಂದು ಕರೆದ. ಆರು ವರ್ಷ. ಮೇಲ್ವಿಚಾರಣೆ ನಡೆದದ್ದು ಮೊದಲ ಆರು ತಿಂಗಳು. ಉಳಿದದ್ದೆಲ್ಲ ಗರಗಸದ ಮುಂದೆ. ಸಂಜೆ ಮನೆಗೆ ಬಂದಾಗ ಕಣ್ಣಿನ ರೆಪ್ಪೆಯವರೆಗೂ ಬಿಳಿ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇವರೇನು ಕಲ್ಲಿನ ಕೆಲಸದವರಾ?" ಎಂದು ಕೇಳಿದ ದಿನ ಮೂರು ವರ್ಷದ ಹಿಂದಿನದು. ಅಂದಿನಿಂದ ಆ ಕಲ್ಲುಸಾಹುಕಾರ ನನ್ನ ಹೊಸಿಲು ದಾಟಿಲ್ಲ. ದಾಟಬೇಡ ಎಂದವಳು ನಾನೇ.

ಮಾರ್ಚ್ 6, ಗುರುವಾರ

ಕಲ್ಲುಸಾಹುಕಾರ ಬಂದ. ನಾನು ಕರೆಯಲಿಲ್ಲ. ಪಕ್ಕದ ಹಾಸಿಗೆಯವರ ಫೋನಿನಿಂದ ಇವರೇ ಕರೆದಿದ್ದಾರೆ. ಏಳಕ್ಕೆ ಬರುತ್ತೇನೆಂದವನು ಏಳೂ ನಲವತ್ತಕ್ಕೆ ಬಂದ. ಎರಡು ಚೀಲ, ಒಂದು ಮಡಚುವ ಏಣಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕಲ್ಲಿನ ಪುಡಿಯೇನೋ ಎಂದು ಮೊದಲು ಅಂದುಕೊಂಡೆ, ಅಲ್ಲ, ಕೂದಲೇ.

"ಅತ್ತಿಗೆ, ಚೆನ್ನಾಗಿದ್ದೀರಾ?"

"ಕೆಲವರಿಗೆ ಚಪ್ಪಲಿ ಹೊರಗೆ ಬಿಡೋ ಅಭ್ಯಾಸ ಇನ್ನೂ ಬಂದಿಲ್ಲ" ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದೆ.

ಚಪ್ಪಲಿ ಹೊರಗೆ ಹೋಯಿತು. ನರ್ಸಮ್ಮನ ಪಟ್ಟಿಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದೆ. ಅವನು ಒಂದು ಊದಿನಕಡ್ಡಿ ಹಚ್ಚಿಕೊಂಡು ಗೋಡೆಯ ಉದ್ದಕ್ಕೂ ಹಿಡಿದುಕೊಂಡು ತಿರುಗಿದ. ಹೊಗೆ ಅಲುಗಿದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು. ಕೋಣೆಗೆ ಮಂಗಳಾರತಿ ಮಾಡುವವನಂತೆ ಒಂದು ಗಂಟೆ ಇದೇ ನಡೆಯಿತು.

"ಅತ್ತಿಗೆ, ಹನ್ನೊಂದಲ್ಲ. ಹತ್ತೊಂಬತ್ತು."

ಲೆಕ್ಕದಲ್ಲಿ ಅವನು ಸರಿ. ಸ್ವಿಚ್‌ಬೋರ್ಡಿನ ಹಿಂದೆ, ಮಂಚದ ಹಿಂದಿನ ಪೈಪು ಗೋಡೆ ದಾಟುವಲ್ಲಿ, ಅಟ್ಟದ ಮೂಲೆಯಲ್ಲಿ, ಹೀಗೆ ಎಂಟನ್ನು ನರ್ಸಮ್ಮ ನೋಡಿರಲಿಲ್ಲ. ತಪಾಸಣೆ ಮಾಡುವವರ ಯೋಗ್ಯತೆ ಇದು. ಇಪ್ಪತ್ತು ದಿನ ರಜೆ ಹಾಕಿದ್ದಾನಂತೆ. ಹಾಕಲಿ.

ಮಾರ್ಚ್ 7, ಶುಕ್ರವಾರ

ಫೋಮ್ ಎಂಬ ವಸ್ತುವನ್ನು ಇಂದು ಕಂಡೆ. ದೊಡ್ಡ ಡಬ್ಬಿ, ಅದರ ಬಾಯಿಗೆ ಒಂದು ಕೊಳವೆ. ಮೊದಲು ಸಂದಿಗೆ ನೀರು ಚಿಮುಕಿಸಬೇಕಂತೆ. ಆಮೇಲೆ ಡಬ್ಬಿಯನ್ನು ಅರ್ಧ ನಿಮಿಷ ಕುಲುಕಬೇಕು. ಆಮೇಲೆ ತಲೆಕೆಳಗು ಹಿಡಿದು ಒತ್ತಬೇಕು. ಗಡ್ಡ ಬೋಳಿಸುವ ನೊರೆಯಂತಹದ್ದು ಹೊರಬರುತ್ತದೆ, ಗೋಡೆಯೊಳಗೆ ಹೋಗಿ ಉಬ್ಬುತ್ತದೆ, ಮತ್ತೆ ಹೊರಗಿಣುಕುತ್ತದೆ.

"ಸಂದಿನ ಅರ್ಧ ಮಾತ್ರ ತುಂಬಬೇಕು ಅತ್ತಿಗೆ. ಮಿಕ್ಕಿದ್ದನ್ನ ಅದೇ ತುಂಬ್ಕೊಳ್ಳುತ್ತೆ."

ಅರ್ಧ ಕೆಲಸ ಮಾಡಿ ಉಳಿದದ್ದು ತಾನಾಗಿಯೇ ಆಗುತ್ತದೆ ಎಂದು ನಂಬುವುದು ಇವನ ಹುಟ್ಟುಗುಣ. ಈಗ ಅದನ್ನೇ ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದಾರೆ.

ಸಣ್ಣ ಬಿರುಕುಗಳಿಗೆ ಫೋಮ್ ಅಲ್ಲ, ಸೀಲೆಂಟ್. ಗನ್ನಿನಂತಹ ಚೌಕಟ್ಟಿಗೆ ಉದ್ದನೆಯ ಟ್ಯೂಬ್ ಹಾಕಿ ಒತ್ತಿದರೆ ಬಿಳಿ ಗೆರೆ ಬರುತ್ತದೆ. ಅದನ್ನು ಒದ್ದೆ ಬೆರಳಿನಿಂದ ಸವರುತ್ತಾನೆ, ಮಗುವಿನ ಹುಬ್ಬು ತೀಡುವ ಹಾಗೆ. ಕಲ್ಲಿನ ಶೆಡ್ಡಿನಲ್ಲಿ ಇಷ್ಟು ನಾಜೂಕು ಕಂಡಿರಲಿಲ್ಲ.

ಸಂಜೆ ಆರಕ್ಕೆ ತಟ್ಟೆ ಇಟ್ಟೆ. ಇನ್ನು ದಿನಾ ಇಡುತ್ತೇನೆ.

ಮಾರ್ಚ್ 8, ಶನಿವಾರ

ಉಬ್ಬಿ ಹೊರಬಂದ ಫೋಮನ್ನು ಉದ್ದನೆಯ ಚಾಕುವಿನಿಂದ ಗೋಡೆಯ ಮಟ್ಟಕ್ಕೆ ಕೊಯ್ದ. ಕೊಯ್ದ ಜಾಗ ಬ್ರೆಡ್ಡಿನ ಹೋಳಿನ ಹಾಗೆ ತೂತುತೂತು. ಬಿಸಿಲು ಬಿದ್ದರೆ ಅದು ಹಳದಿಯಾಗಿ ಪುಡಿಯಾಗುತ್ತದಂತೆ, ಮೇಲೆ ಸೀಲೆಂಟ್ ಸವರಿ ಬಣ್ಣ ಹೊಡೆಯಬೇಕಂತೆ. ಒಂದು ಸಂದು ಮುಚ್ಚಲು ಮೂರು ಸಾಮಾನು. ಇಂಥ ವ್ಯಾಪಾರ ಕಂಡುಹಿಡಿದವನ ತಲೆಗೆ ನಮಸ್ಕಾರ.

ಚಾಕು ಆಡಿಸುವಾಗ ಏಳುವ ಪುಡಿಯಲ್ಲೂ ಬರಿಮೂಗಿನಲ್ಲೇ ನಿಂತಿದ್ದ. ಕಲಿಯದವರು ಕಲಿಯುವುದಿಲ್ಲ.

ತಟ್ಟೆ: ಗೆರೆ ಬಿತ್ತು. ಮೊದಲಿಗಿಂತ ತೆಳು.

ಮಾರ್ಚ್ 10, ಸೋಮವಾರ

ಸೀಲೆಂಟ್ ಮುಗಿದಿತ್ತು. ಅವನು ಏಣಿಯ ಮೇಲಿದ್ದ. ತರಲು ಬೇರೆ ಯಾರೂ ಇಲ್ಲದ್ದರಿಂದ ಹಾರ್ಡ್‌ವೇರ್ ಅಂಗಡಿಗೆ ನಾನೇ ಹೋದೆ. ಅಂಗಡಿಯವನು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದ.

"ಮನೇಲಿ ಗಂಡಸರು ಯಾರೂ ಇಲ್ವಾ ಮೇಡಮ್ಮು?"

"ಇದಾರೆ. ಆಸ್ಪತ್ರೇಲಿ ಮಲಗಿದಾರೆ. ಎಬ್ಬಿಸಿ ಕಳಿಸ್ಲಾ?"

ಎರಡು ಟ್ಯೂಬ್ ಕೊಟ್ಟ. ಮನೆಗೆ ಬಂದು ನೋಡಿದರೆ ಸಿಲಿಕಾನ್. ಹುಳಿ ವಾಸನೆ, ಕಣ್ಣಲ್ಲಿ ನೀರು ಬರಿಸುವಂಥದ್ದು. ಮೇಲಾಗಿ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದು ಗಾಜಿಗೆ, ಬಚ್ಚಲಿಗೆ. ಗೋಡೆಗೆ ಬೇಕಾದದ್ದು ಅಕ್ರಿಲಿಕ್. ಇದನ್ನು ಮೈದುನ ಹೇಳಿದ. ನಗದೆ ಹೇಳಿದ, ಅದನ್ನೂ ಬರೆಯಬೇಕು. ಮತ್ತೆ ಅಂಗಡಿಗೆ ಹೋಗಿ ಟ್ಯೂಬುಗಳನ್ನು ಗಲ್ಲಾದ ಮೇಲಿಟ್ಟೆ.

"ಗೋಡೆಗೆ ಅಂತ ನೀವು ಹೇಳ್ಲಿಲ್ವಲ್ಲ" ಎಂದ.

"ಎಲ್ಲಿಗೆ ಅಂತ ಕೇಳೋದು ನನ್ನ ಕೆಲಸಾನಾ, ಮಾರೋ ನಿನ್ನ ಕೆಲಸಾನಾ?"

ಬದಲಾಯಿಸಿ ಕೊಟ್ಟ. ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳೂ ತಮ್ಮ ಟ್ಯೂಬ್ ತಿರುಗಿಸಿ ಓದತೊಡಗಿದರು.

ಮಾರ್ಚ್ 11, ಮಂಗಳವಾರ

ಕಿಟಕಿಯ ಕೆಳ ಚೌಕಟ್ಟಿನಲ್ಲಿ ಎರಡು ಸಣ್ಣ ಸೀಳುಗಳನ್ನು ಅವನು ಹಾಗೆಯೇ ಬಿಟ್ಟಿದ್ದ. ಮರೆತಿದ್ದಾನೆ, ಸಿಕ್ಕಿಬಿದ್ದ ಎಂದುಕೊಂಡು ಬೆರಳಿಟ್ಟು ತೋರಿಸಿದೆ.

"ಅದು ಮಳೆನೀರು ಹೊರಗೆ ಹೋಗೋಕೆ ಅಂತ ಕಂಪನಿಯೋರೇ ಬಿಟ್ಟಿರೋದು ಅತ್ತಿಗೆ. ಮುಚ್ಚಿದ್ರೆ ನೀರು ಗೋಡೆಗೆ ಇಳಿಯುತ್ತೆ, ಬೂಷ್ಟು ಬರುತ್ತೆ. ಅಣ್ಣನಿಗೆ ಧೂಳಿಗಿಂತ ಬೂಷ್ಟು ಕೆಟ್ಟದು. ಸ್ಪಂಜಿನ ಚೂರು ಇಡ್ತೀನಿ. ನೀರು ಹೋಗುತ್ತೆ, ಧೂಳು ಬರಲ್ಲ. ವಾರಕ್ಕೊಮ್ಮೆ ತೊಳೆಯಬೇಕು."

ಇಷ್ಟು ಗೊತ್ತಿರುವ ಮನುಷ್ಯ ಆರು ವರ್ಷ ಏನು ಮಾಡುತ್ತಿದ್ದ?

ತಟ್ಟೆ: ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ.

ಮಾರ್ಚ್ 12, ಬುಧವಾರ

ಅದನ್ನೇ ಕೇಳಿದೆ. ಸಂಜೆ ಸಾಮಾನು ಕಟ್ಟುತ್ತಿದ್ದ. ಈ ಸಲ ಕ್ಯಾಲೆಂಡರಿಗಲ್ಲ, ಅವನಿಗೇ ಕೇಳಿದೆ.

"ಇಷ್ಟೆಲ್ಲ ಗೊತ್ತಲ್ಲ ನಿನಗೆ. ನಿನ್ನ ಶೆಡ್ಡಲ್ಲಿ ಧೂಳು ತಡೆಯೋದು ಗೊತ್ತಿರಲಿಲ್ವಾ?"

ಟ್ಯೂಬಿನ ಮೂತಿಗೆ ಮುಚ್ಚಳ ಹಾಕುತ್ತಿದ್ದವನು ನಿಲ್ಲಿಸಿದ. ಯಾವುದಾದರೂ ಕಥೆ ಕಟ್ಟುತ್ತಾನೆ ಎಂದು ಕಾದೆ.

"ಗೊತ್ತಿತ್ತು ಅತ್ತಿಗೆ. ಗರಗಸದ ಮೇಲೆ ನೀರು ಬಿಡ್ತಾ ಕೊಯ್ದರೆ ಧೂಳು ಏಳೋದೇ ಇಲ್ಲ. ಮೊದಲು ಹಾಗೇ ಮಾಡ್ತಿದ್ವಿ. ಆಮೇಲೆ ನೀರಿನ ಪಂಪು ಕೆಟ್ಟಿತು. ಮುಂದಿನ ವಾರ ರಿಪೇರಿ ಮಾಡಿಸ್ತೀನಿ ಅಂದೆ."

"ಎಷ್ಟು ವಾರ ಅಂದೆ?"

"ಒಂದೂವರೆ ವರ್ಷ."

"ಅವರು ಏನೂ ಅನ್ಲಿಲ್ವಾ?"

"ದಿನಾ ಕೇಳ್ತಿದ್ದ. ಪಂಪು ಬಂತೇನೋ, ಪಂಪು ಬಂತೇನೋ ಅಂತ. ಕೊನೆಕೊನೆಗೆ ಕೇಳೋದು ಬಿಟ್ಟ."

ಒಂದೂವರೆ ವರ್ಷ. ಬರೆದುಕೊಂಡಿದ್ದೇನೆ. ಒಂದು ಪಂಪು. ಡಿಪೋದಲ್ಲಿ ಒಂದು ಬಸ್ಸಿನ ಬ್ರೇಕು ಕೆಟ್ಟಿದೆ ಎಂದು ಚಾಲಕ ಹೇಳಿದರೆ ಆ ಬಸ್ಸು ಗೇಟು ದಾಟುವುದಿಲ್ಲ. ಮಂತ್ರಿಯ ಫೋನು ಬಂದರೂ ದಾಟುವುದಿಲ್ಲ.

ಅವನಿಗೆ ಚಹಾ ಕೊಟ್ಟೆ. ಮಾಡಿಟ್ಟಾಗಿತ್ತಲ್ಲ, ಚೆಲ್ಲುವುದೇಕೆ. ಕುಡಿಯದೆ ಹೋದ.

ಮಾರ್ಚ್ 13, ಗುರುವಾರ

ಬರಲಿಲ್ಲ. ಒಳ್ಳೆಯದೇ.

ಮಾರ್ಚ್ 14, ಶುಕ್ರವಾರ

ಬರಲಿಲ್ಲ. ಹತ್ತೊಂಬತ್ತರಲ್ಲಿ ಹದಿನೆಂಟು ಮುಗಿದಿವೆ. ಉಳಿದದ್ದು ಬಾಗಿಲ ಚೌಕಟ್ಟು. ಅದಕ್ಕೂ ಗೋಡೆಗೂ ನಡುವಿನ ಗಾರೆ ಉದುರಿ ಸುತ್ತಲೂ ಬೆರಳು ಹೋಗುವಷ್ಟು ಸಂದು. ಹಾಲ್‌ನ ಧೂಳೆಲ್ಲ ಅಲ್ಲಿಂದ ಒಳಗೆ ಬರುತ್ತದೆ. ಕೊನೆಯ ಕೆಲಸ ಬಿಟ್ಟು ಓಡುವುದೂ ಒಂದು ಕಲೆ. ಡಬ್ಬಿಗಳನ್ನು ಬಿಟ್ಟೇ ಓಡಿದ್ದಾನೆ.

ತಟ್ಟೆ: ನಿನ್ನೆಯಂತೆಯೇ. ಬಾಗಿಲು ಮುಚ್ಚದೆ ಇದು ಇಳಿಯುವುದಿಲ್ಲ. ಏಳು ದಿನ ಇವೆ.

ಮಾರ್ಚ್ 15, ಶನಿವಾರ, ಬೆಳಿಗ್ಗೆ 11.30

ಬಾಗಿಲ ಕೆಲಸ ನಾನೇ ಮುಗಿಸಿದೆ. ಇದಕ್ಕೊಬ್ಬ ಪರಿಣತ ಬೇಕೆಂದು ನಂಬಿ ಒಂದು ವಾರ ಕಳೆದದ್ದೇ ತಪ್ಪು. ನೀರು ಚಿಮುಕಿಸಿದೆ, ಕುಲುಕಿದೆ, ತಲೆಕೆಳಗು ಹಿಡಿದೆ. ಕೆಲಸ ಅಚ್ಚುಕಟ್ಟಾಗಿರಲೆಂದು ಬಾಗಿಲು ಮುಚ್ಚಿಕೊಂಡು ಒಳಗಿನಿಂದ ಸುತ್ತಲೂ ತುಂಬಿದೆ. 10.40ಕ್ಕೆ ಶುರು, 11.05ಕ್ಕೆ ಮುಕ್ತಾಯ. ಎರಡು ಡಬ್ಬಿ.

ಅರ್ಧ ಮಾತ್ರ ತುಂಬಿ ಎಂದು ಡಬ್ಬಿಯ ಮೇಲೂ ಬರೆದಿದೆ. ಬರೆದವನು ಎಂದೂ ಡಿಪೋದಲ್ಲಿ ಕೆಲಸ ಮಾಡಿದವನಲ್ಲ. ಅರ್ಧ ತುಂಬಿದ ಬಸ್ಸು ಹೊರಡಿಸಿದವರಿಗೆ ಮೂವತ್ತೊಂದು ವರ್ಷ ಮೆಮೊ ಕೊಟ್ಟವಳು ನಾನು. ಪೂರ್ತಿ ತುಂಬಿದೆ. ಬೆರಳಿಗೂ ಕೂದಲಿಗೂ ಸ್ವಲ್ಪ ತಾಗಿದೆ, ತೊಳೆದರೆ ಹೋಗುತ್ತದೆ.

ಹೇಗೆ ಉಬ್ಬುತ್ತದೆ ಎಂದು ಗಡಿಯಾರ ಹಿಡಿದು ನೋಡುತ್ತ ಕುಳಿತಿದ್ದೇನೆ. ಒಳ್ಳೆಯ ವೇಗದಲ್ಲಿ ಉಬ್ಬುತ್ತಿದೆ.

12.10

ಬಾಗಿಲು ತೆಗೆಯಲು ಬರುತ್ತಿಲ್ಲ.

12.25

ಚೌಕಟ್ಟು ಎರಡು ಕಡೆಯಿಂದಲೂ ಒಳಕ್ಕೆ ಬಾಗಿ ಬಾಗಿಲನ್ನು ಇಕ್ಕಳದಂತೆ ಹಿಡಿದಿದೆ. ಹಿಡಿ ಎಳೆದೆ. ಕಾಲು ಕೊಟ್ಟು ಎಳೆದೆ. ಹಿಡಿ ಕೈಗೆ ಬಂತು. ಫೋನು ಅಡುಗೆಮನೆಯಲ್ಲಿದೆ. ಕಿಟಕಿಗೆ ಕಂಬಿ.

12.40

ಕಿಟಕಿಯಿಂದ ಕೂಗಿದರೆ ಮೇಸ್ತ್ರಿ ಬಂದಾನು. ಅವನನ್ನು ಕೂಗುವುದಿಲ್ಲ. ಕಿಟಕಿ ತೆಗೆದರೆ ಧೂಳು ಬರುತ್ತದೆ, ತಟ್ಟೆಯ ದಿನ ಹಾಳಾಗುತ್ತದೆ.

ಅಂಟು ಬೆರಳಿನಿಂದ ಹೋಗುತ್ತಿಲ್ಲ.

ಅದೇ ದಿನ, ಸಂಜೆ

1.15ಕ್ಕೆ ಕಿಟಕಿಯ ಹೊರಗೆ ದನಿ ಕೇಳಿತು. "ಅತ್ತಿಗೆ! ಮುಂದಿನ ಬಾಗಿಲು ಬಡಿದು ಬಡಿದು ಸಾಕಾಯ್ತು."

ಕಿಟಕಿ ತೆಗೆದೆ. ಮೈದುನ. ನನ್ನ ಕೂದಲನ್ನು ನೋಡಿದ, ಕೈ ನೋಡಿದ, ನನ್ನ ಹಿಂದೆ ಬಾಗಿಲ ಸುತ್ತ ಹೂಕೋಸಿನಂತೆ ಅರಳಿದ್ದನ್ನು ನೋಡಿದ. ಏನಾದರೂ ಹೇಳಿದ್ದರೆ ಕಿಟಕಿ ಮುಚ್ಚಿಬಿಡುತ್ತಿದ್ದೆ. ಹೇಳಲಿಲ್ಲ. ಸೊಂಟದ ಬೀಗದ ಕೈ ಗೊಂಚಲು ಕಂಬಿಯಿಂದಾಚೆ ಕೊಟ್ಟೆ.

ಹೊರಗಡೆಯಿಂದ ಹ್ಯಾಕ್ಸಾ ಗರಗಸದ ಬ್ಲೇಡ್ ತೂರಿಸಿ ಫೋಮ್ ಕೊಯ್ಯತೊಡಗಿದ. ಬೇಗ ಆಗುವ ಕೆಲಸವಲ್ಲ. ಬಾಗಿಲ ಆಚೆ ಅವನು, ಈಚೆ ನಾನು ಮಂಚದ ಮೇಲೆ.

"ಎಷ್ಟು ಡಬ್ಬಿ ಹಾಕಿದ್ರಿ?"

"ಎರಡು."

"ಒಂದರಲ್ಲಿ ಮೂರು ಬಾಗಿಲು ಆಗುತ್ತೆ ಅತ್ತಿಗೆ."

"ನಗ್ತಿದೀಯಾ?"

"ಇಲ್ಲ."

"ಭುಜ ಅಲುಗೋದು ಬಾಗಿಲಲ್ಲಿ ಗೊತ್ತಾಗ್ತಿದೆ."

"ಅದು ಬ್ಲೇಡು."

ಎರಡು ದಿನ ಎಲ್ಲಿ ಸತ್ತಿದ್ದೆ ಎಂದು ಕೇಳಿದೆ. ಆಸ್ಪತ್ರೆಗೆ ಹೋಗಿದ್ದನಂತೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಎರಡು ದಿನವೂ ಭೇಟಿಯ ಹೊತ್ತು ಮುಗಿಯುವವರೆಗೆ ಕುಳಿತು ಎದ್ದುಬಂದಿದ್ದಾನೆ.

"ಒಳಗೆ ಹೋಗೋಕೆ ಏನು ರೋಗ?"

"ಪಂಪಿನ ಮಾತು ಅಣ್ಣನ ಹತ್ರ ಇವತ್ತಿನವರೆಗೂ ಆಡಿಲ್ಲ. ನಿಮಗೆ ಹೇಳಿದ ಮೇಲೆ ಅವನಿಗೆ ಹೇಳದೆ ಹೇಗೆ ಮುಖ ತೋರಿಸ್ಲಿ? ಬಾಗಿಲವರೆಗೆ ಹೋಗ್ತಿದ್ದೆ. ವಾಪಸ್ ಬಂದು ಬೆಂಚಿನ ಮೇಲೆ ಕೂರ್ತಿದ್ದೆ."

"ನಾಳೆ ಭಾನುವಾರ. ಹತ್ತೂಮುಕ್ಕಾಲರ ಬಸ್ಸಿಗೆ ನಾನು ಹೋಗ್ತೀನಿ. ಬಸ್‌ಸ್ಟಾಪಿನಲ್ಲಿ ಇರು."

ಬ್ಲೇಡಿನ ಸದ್ದು ಜೋರಾಯಿತು. 3.10ಕ್ಕೆ ಬಾಗಿಲು ಬಿಟ್ಟುಕೊಂಡಿತು. ಅವನ ಮೂಗು, ಮೀಸೆ, ಕೆನ್ನೆಯ ಮೇಲೆಲ್ಲ ಫೋಮಿನ ಪುಡಿ. ಒದ್ದೆ ಟವೆಲ್ ಎಸೆದು ಮೊದಲು ಮುಖ ಒರೆಸಿಕೋ ಎಂದೆ. ಪುಡಿ ನನ್ನ ನೆಲದ ಮೇಲೆ ಉದುರುತ್ತಿತ್ತು.

ನನ್ನ ಬೆರಳಿನದು ಹೋಗಲಿಲ್ಲ. ಹಸಿಯಿದ್ದಾಗ ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಒರೆಸಬೇಕಿತ್ತಂತೆ. ಒಣಗಿದ ಮೇಲೆ ಚರ್ಮದ ಜೊತೆಗೇ ಹೋಗುವುದು. ಕೂದಲನ್ನು ಕಿವಿಯ ಮೇಲೆ ಒಂದು ಹಿಡಿ ಕತ್ತರಿಸಬೇಕಾಯಿತು.

ತಟ್ಟೆ: ರದ್ದು.

ಮಾರ್ಚ್ 16, ಭಾನುವಾರ

ಬಸ್‌ಸ್ಟಾಪಿನಲ್ಲಿ ಇದ್ದ. ನನಗಿಂತ ಮೊದಲೇ ಇದ್ದ. ಬಸ್ಸು ಎಂಟು ನಿಮಿಷ ತಡ. ನಾನಿದ್ದ ಕಾಲದಲ್ಲಿ ಹೀಗಿರಲಿಲ್ಲ.

ಅವರು ನನ್ನ ಕೈ ನೋಡಿದರು. ಕೂದಲು ನೋಡಿದರು. "ಏನೇ ಇದು, ಯಾರ ಜೊತೆ ಜಗಳ ಆಡಿದೆ?"

"ಬಾಗಿಲ ಜೊತೆ" ಎಂದ ಮೈದುನ. ಪೂರ್ತಿ ವರದಿ ಒಪ್ಪಿಸಿದ, ಹೂಕೋಸು ಸಮೇತ. ಅವರು ನಕ್ಕರು. ನಾಲ್ಕು ತಿಂಗಳಲ್ಲಿ ಮೊದಲ ಸಲ. ನಗು ಕೆಮ್ಮಾಯಿತು, ಆಮ್ಲಜನಕ ಎಂಬತ್ತೆಂಟಕ್ಕೆ ಇಳಿಯಿತು, ವಾರ್ಡಿನ ಸಿಸ್ಟರ್ ಓಡಿಬಂದು ಮೂವರಿಗೂ ಬೈದರು. ಐದು ನಿಮಿಷದಲ್ಲಿ ತೊಂಬತ್ತೆರಡಾಯಿತು. ನಗುವ ಮೊದಲು ತೊಂಬತ್ತೊಂದೇ ಇತ್ತು.

ಆಮೇಲೆ ಮೈದುನ ಪಂಪಿನ ಮಾತೆತ್ತಿದ. ನೆಲ ನೋಡಿಕೊಂಡು ಹೇಳಿದ.

"ಗೊತ್ತು ಕಣೋ" ಎಂದರು ಇವರು. "ನಾನೂ ಬೆಳಿಗ್ಗೆ ಎದ್ದು ಬರ್ತಾ ಇದ್ನಲ್ಲ. ಪಂಪು ಬರೋವರೆಗೆ ಬರಲ್ಲ ಅಂತ ಒಂದು ದಿನ ಮನೇಲಿ ಕೂತಿದ್ರೆ ನೀನೇ ತರ್ತಿದ್ದೆ. ಕೂರಲಿಲ್ಲ."

"ನೀನು ಯಾಕಣ್ಣ ಕೂರಬೇಕಿತ್ತು? ಶೆಡ್ ನಂದು."

"ಎದೆ ನಂದಲ್ವಾ?"

ಅಣ್ಣ ತಮ್ಮ ಇಬ್ಬರೂ ತಪ್ಪನ್ನು ತಟ್ಟೆಯಲ್ಲಿಟ್ಟು ಒಬ್ಬರಿಗೊಬ್ಬರು ಬಡಿಸುವುದನ್ನು ನೋಡುತ್ತ ಕುಳಿತೆ. ಒಬ್ಬನಿಗೆ ಪಂಪು ತರುವ ಬುದ್ಧಿಯಿಲ್ಲ, ಇನ್ನೊಬ್ಬರಿಗೆ ಮನೆಯಲ್ಲಿ ಕೂರುವ ಬುದ್ಧಿಯಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಏಳೂಕಾಲಕ್ಕೆ ಊಟದ ಡಬ್ಬಿ ಕಟ್ಟಿ ಕೈಗೆ ಕೊಟ್ಟು, ಹೊತ್ತಾಯಿತು ಹೊರಡಿ ಎಂದವಳ ವಿಷಯ ಇಬ್ಬರೂ ಎತ್ತಲಿಲ್ಲ.

ಮಾರ್ಚ್ 18, ಮಂಗಳವಾರ

ಬಾಗಿಲ ಕೆಲಸ ಮರುಪ್ರಯತ್ನ. ಹಳೆಯ ಫೋಮನ್ನೆಲ್ಲ ಕೆರೆದು ತೆಗೆದೆವು. ಚೌಕಟ್ಟು ಒಳಕ್ಕೆ ಬಾಗದಂತೆ ಮೂರು ಮರದ ಪಟ್ಟಿಗಳನ್ನು ಅಡ್ಡಕ್ಕೆ ಬಿಗಿದು, ಬಾಗಿಲು ತೆರೆದಿಟ್ಟುಕೊಂಡೇ, ಅರ್ಧ ಸಂದು ತುಂಬಿದೆವು. ಅರ್ಧ ಡಬ್ಬಿಯೂ ಖರ್ಚಾಗಲಿಲ್ಲ.

ಕೆರೆಯುವ ಮೊದಲು ಮೈದುನನಿಗೆ ಮಾಸ್ಕ್ ಕೊಟ್ಟೆ. "ಬೇಡ ಅತ್ತಿಗೆ, ಉಸಿರು ಕಟ್ಟುತ್ತೆ" ಎಂದ. ಈ ಮನೆಯಲ್ಲಿ ಮಾಸ್ಕ್ ಇಲ್ಲದೆ ಚಾಕು ಹಿಡಿಯುವಂತಿಲ್ಲ ಎಂದೆ. ಹಾಕಿಕೊಂಡ. ಅವನ ಕಂಪನಿಯವರು ಮಾಸ್ಕ್ ಕೊಡುವುದಿಲ್ಲವಂತೆ, ಕೈಗವಸೂ ಕೊಡುವುದಿಲ್ಲವಂತೆ. ಎಂಥ ದರಿದ್ರ ಕಂಪನಿ. ಮಾಲೀಕನ ವಿಳಾಸ ಬರೆಸಿಕೊಂಡಿದ್ದೇನೆ. ದೂರು ಹೇಗೆ ಬರೆಯಬೇಕೆಂದು ನನಗೆ ಗೊತ್ತು.

ಸೀಲೆಂಟಿನ ಗೆರೆಯನ್ನು ನಾನೇ ಎಳೆದೆ. ಅವನದಕ್ಕಿಂತ ನೇರವಾಗಿ ಬಂತು. ಅವನು ಎರಡು ಸಲ ಬಗ್ಗಿ ನೋಡಿದ, ಹೊಟ್ಟೆಕಿಚ್ಚು.

ಹಾರ್ಡ್‌ವೇರ್ ಅಂಗಡಿಯವನು ನನ್ನನ್ನು ಕಂಡರೆ ಈಗ ಮೊದಲೇ ಕೇಳುತ್ತಾನೆ: "ಗೋಡೆಗಾ, ಗಾಜಿಗಾ?"

ಮಾರ್ಚ್ 20, ಗುರುವಾರ

ತಟ್ಟೆ: ಗೆರೆ ಇಲ್ಲ. ಬೆಳಕಿಗೆ ಹಿಡಿದೆವು. ಇಲ್ಲ. ಕನ್ನಡಕ ಬದಲಾಯಿಸಿ ನೋಡಿದೆವು. ಇಲ್ಲ.

ಮೈದುನ ಇಲ್ಲಿಯೇ ಊಟ ಮಾಡಿದ. ಊಟದ ಹೊತ್ತಾಗಿತ್ತು.

ಮಾರ್ಚ್ 21, ಶುಕ್ರವಾರ

ಕೋಣೆ ಪಾಸಾಗಿದೆ. ನರ್ಸಮ್ಮ ನಿನ್ನೆ ಸಂಜೆ ಬಂದು ತಾವೇ ತಂದಿದ್ದ ತಟ್ಟೆ ಇಟ್ಟು ಹೋಗಿದ್ದರು. ಇಂದು ಇಪ್ಪತ್ತೈದು ನಿಮಿಷ ತಡವಾಗಿ ಬಂದು ಬೆರಳೆಳೆದರು. ಎರಡನೇ ಸಲ ಎಳೆದರು. ಬಾಗಿಲ ಚೌಕಟ್ಟನ್ನು ಮುಟ್ಟಿ, "ಯಾರು ಮಾಡಿದ್ದು? ಕಂಪನಿಯೋರಾ?" ಎಂದು ಕೇಳಿದರು. ನಾವು ಮನೆಯವರೇ ಎಂದೆ. ಒಂದು ಷರತ್ತು: ಪಕ್ಕದಲ್ಲಿ ಕೆಡವುವುದು ಎಂಟಕ್ಕೆ ಶುರುವಾಗುವುದರಿಂದ, ದಿನಾ ಬೆಳಿಗ್ಗೆ ಆರರಿಂದ ಅರ್ಧ ಗಂಟೆ ಕಿಟಕಿ ತೆರೆದು ಗಾಳಿ ಆಡಿಸಬೇಕು.

ಮುಗಿಯಿತು ಎಂದುಕೊಂಡೆ. ಇನ್ನೊಂದು ಫಾರಂ ತೆಗೆದರು.

"ಆಕ್ಸಿಜನ್ ಯಂತ್ರ ನೋಡ್ಕೊಳ್ಳೋಕೆ ಎರಡು ಹೆಸರು ಬೇಕಮ್ಮ. ಒಬ್ಬರೇ ಆದ್ರೆ ಕೊಡೋ ಹಾಗಿಲ್ಲ. ಒಬ್ಬರು ಮಲಗಿದ್ರೆ, ಅಂಗಡಿಗೆ ಹೋದ್ರೆ, ಇನ್ನೊಬ್ರು ಇರಬೇಕು. ಎರಡನೇ ಹೆಸರಿಲ್ದಿದ್ರೆ ಕೋಣೆ ಎಷ್ಟು ಚೆನ್ನಾಗಿದ್ರೂ ಆರೈಕೆ ಕೇಂದ್ರಾನೇ."

ಇದನ್ನು ನಾಲ್ಕನೇ ತಾರೀಕು ಹೇಳಬಹುದಿತ್ತು. ಹೇಳುವವರು ಹೀಗೆಯೇ ಕೊನೆಗೆ ಹೇಳುವುದು.

ಮೈದುನ ಬಾಗಿಲ ಹತ್ತಿರ ನಿಂತಿದ್ದ. ಫಾರಂ ನೋಡಿದ, ನನ್ನನ್ನು ನೋಡಿದ. ಏಣಿ ಎತ್ತಿಕೊಂಡು, "ಇದನ್ನ ಹೊರಗೆ ಇಟ್ಟು ಬರ್ತೀನಿ" ಎಂದು ಅಂಗಳಕ್ಕೆ ಹೋದ. ಏಣಿ ಹೊರಗಿಡುವುದಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ. ಅವನು ಒಳಗೆ ಬರಲಿಲ್ಲ.

ಪೆನ್ನು ನನ್ನ ಕೈಯಲ್ಲಿತ್ತು. ನರ್ಸಮ್ಮ ಕಾದರು. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಎರಡನೇ ಸಾಲಿನಲ್ಲಿ ಅವನ ಹೆಸರು ಬರೆದೆ. 'ರೋಗಿಗೆ ಸಂಬಂಧ' ಎಂಬಲ್ಲಿ 'ತಮ್ಮ' ಎಂದು ಬರೆದೆ.

"ನಂಬಿಕಸ್ತರಾ?" ಎಂದು ಕೇಳಿದರು.

"ಹೊತ್ತಿಗೆ ಸರಿಯಾಗಿ ಬರಲ್ಲ" ಎಂದೆ. "ಆದರೆ ಬರ್ತಾನೆ."

ಅಂಗಳಕ್ಕೆ ಹೋಗಿ ಸಹಿ ಹಾಕೆಂದು ಫಾರಂ ಕೊಟ್ಟೆ. ಎರಡನೇ ಸಾಲನ್ನು ಬಹಳ ಹೊತ್ತು ಓದಿದ. ನಾಲ್ಕೇ ಪದ, ಇಷ್ಟು ಹೊತ್ತು ಓದುವಂಥದ್ದೇನಿದೆ? ಏಣಿಯ ಮೆಟ್ಟಿಲ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಅಕ್ಷರ ಸೊಟ್ಟಗಿತ್ತು. ನರ್ಸಮ್ಮ ಆಕ್ಷೇಪಿಸಲಿಲ್ಲ.

ಮಾರ್ಚ್ 25, ಮಂಗಳವಾರ

ಆಕ್ಸಿಜನ್ ಯಂತ್ರ ಬೆಳಿಗ್ಗೆ ಬಂದಿದೆ. ತಂದವನು ಐದು ನಿಮಿಷದಲ್ಲಿ ಎಲ್ಲ ಹೇಳಿ ಓಡಿದ. ಅವನು ಹೇಳಿದ್ದರಲ್ಲಿ ಎರಡು ತಪ್ಪು. ಪುಸ್ತಕ ಓದಿ ಸರಿಪಡಿಸಿಕೊಂಡೆವು. ಸೋಸುವ ಜಾಲರಿ ತೆಗೆದು ತೊಳೆಯುವುದನ್ನು ಮೈದುನನಿಂದ ಮೂರು ಸಲ ಮಾಡಿಸಿದೆ. ಮೂರನೇ ಸಲ ಸರಿಯಾಯಿತು.

ಡಿಪೋದಲ್ಲಿ ಹಾಕುತ್ತಿದ್ದ ಹಾಗೆ ಪಾಳಿಪಟ್ಟಿ ಬರೆದು ಮಂಚದ ಎದುರು ಅಂಟಿಸಿದ್ದೇನೆ. ಬೆಳಿಗ್ಗೆ ಆರರಿಂದ ಎರಡರವರೆಗೆ ನಾನು. ಎರಡರಿಂದ ಒಂಬತ್ತರವರೆಗೆ ಮೈದುನ. ಕಂಪನಿಯಲ್ಲಿ ಬೆಳಗಿನ ಪಾಳಿ ಕೇಳಿಕೊಂಡಿದ್ದಾನೆ. ರಾತ್ರಿ ನಾನು. ಭಾನುವಾರ ಇಬ್ಬರೂ.

ಅವರನ್ನು ಮನೆಗೆ ತರುವ ಆಂಬುಲೆನ್ಸ್ ನಾಳೆ ಬೆಳಿಗ್ಗೆ ಹತ್ತಕ್ಕೆ. ಪಾಳಿ ಎರಡಕ್ಕೆ ಬದಲಾಗುತ್ತದೆ.